ಒಬ್ಬಟ್ಟು ತಟ್ಟಲು ಬಾರದ ಡಾಕ್ಟ್ರಮ್ಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿಯ ಹದ ಬಲ್ಲವರು ಮನೆಗೊಬ್ಬರು ಸಿಗುತ್ತಾರೆ. ಚರ್ಮದ ಹದ ಬಲ್ಲವರು ಬೇಕೆಂದರೆ ಜನ ಬಹಳ ವರ್ಷ ಒಬ್ಬರ ಹೆಸರನ್ನೇ ಹೇಳುತ್ತಿದ್ದರು. ಮೈಮೇಲೆ ಏನೇ ಎದ್ದರೂ ಅದನ್ನು ಕಜ್ಜಿ, ಹುಳುಕಡ್ಡಿ, ಇಲ್ಲವೇ ಯಾರದೋ ಶಾಪ ಎಂದು ಮುಗಿಸಿಬಿಡುತ್ತಿದ್ದ ಕಾಲದಲ್ಲಿ, ಸೋರಿಯಾಸಿಸ್ ಎಂಬ ನಾಲಗೆ ತಿರುಗದ ಹೆಸರನ್ನು ತೋಟದ ಬದುವಿನವರೆಗೂ ಕೊಂಡೊಯ್ದು, ಅದು ಅಂಟುವುದಿಲ್ಲ, ಕೊಳಕಿನಿಂದ ಬರುವುದಿಲ್ಲ, ಅದರ ಜೊತೆಗೇ ನಗುನಗುತ್ತಾ ಬಾಳಬಹುದು ಎಂದು ಮೂರು ತಾಲ್ಲೂಕಿನ ಜನರಿಗೆ ಒಪ್ಪಿಸಿದವರು ಡಾ. ಗುರುಸಿದ್ದಮ್ಮನವರು. ಅರವತ್ತು ತುಂಬಿ ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಪಳಗಿದ ನಾವೆಲ್ಲ ಸೇರಿ ಹೊರತರುತ್ತಿರುವ ಈ ಗ್ರಂಥದಲ್ಲಿ ಅವರ ಪಾಂಡಿತ್ಯವನ್ನು ಕೊಂಡಾಡುವ ಲೇಖನಗಳು ಸಾಕಷ್ಟಿವೆ. ಅಭಿನಂದನ ಗ್ರಂಥಗಳಲ್ಲಿ ಸಾಮಾನ್ಯವಾಗಿ ಗೌರವಕ್ಕೆ ಪಾತ್ರರಾದವರಿಗೆ ಬಾರದ ವಿದ್ಯೆಯೇ ಇರುವುದಿಲ್ಲ. ಮೇಡಂ ಅವರಿಗೆ ಬಾರದ ವಿದ್ಯೆಯೊಂದಿತ್ತು, ಈಗಲೂ ಇದೆ. ಅದರಿಂದಲೇ ಅವರು ಮಾಡಿದ ಒಂದು ದೊಡ್ಡ ಕೆಲಸವನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ಹುಳಿಯಾರಿಗೆ ಸಮೀಪದ ಒಂದು ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು. ಮೆಡಿಕಲ್ ಕಾಲೇಜಿನಲ್ಲಿ ಗೆಳತಿಯರು ಆ ಹೆಸರನ್ನು ಕೇಳಿ ಕಿಸಕ್ಕನೆ ನಕ್ಕು, ಏನಾದರೂ ಚಿಕ್ಕದು, ಚೊಕ್ಕದು ಇಟ್ಟುಕೊ ಎಂದು ಸಲಹೆ ಕೊಟ್ಟರಂತೆ. "ನಮ್ಮಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಕಣ್ರೇ, ಹೆಸ್ರು ತೆಗೆದ್ರೆ ಕಾಲೇಜಿಗೇ ಬಂದು ಬೈತಾರೆ" ಎಂದು ಇವರು ಜಾರಿಕೊಂಡರು. ಮುಂದೆ ಅದೇ ಹೆಸರು ಅವರಿಗೆ ಸ್ಟೆತಾಸ್ಕೋಪಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಬಾಗಿಲ ಮೇಲಿನ ಹಲಗೆಯನ್ನು ಯಾರಾದರೂ ಓದಿ ಹೇಳಿದರೆ ಸಾಕು, ಸರತಿಯಲ್ಲಿ ಕೂತ ಮುದುಕಿಯರು "ನಮ್ ಕಡೆಯೋಳೇ ಕಣೇ" ಎಂದು ಸೆರಗು ಸರಿಸಿ, ಗಂಡಂದಿರಿಗೂ ತೋರಿಸದ ಮಚ್ಚೆಗಳನ್ನು ತೋರಿಸುತ್ತಿದ್ದರು. ಹೈಸ್ಕೂಲಿನಿಂದ ಎಂ.ಡಿ. ಮುಗಿಯುವವರೆಗೂ ಹಾಸ್ಟೆಲಿನಲ್ಲೇ ಬೆಳೆದುದರಿಂದ ಅಡುಗೆಮನೆಯ ಸಹವಾಸ ಅವರಿಗೆ ಒದಗಲಿಲ್ಲ. ಕೈಹಿಡಿದ ದಯಾನಂದ್ ಅವರು ವಿಜ್ಞಾನದ ಮೇಷ್ಟರು. ಮದುವೆಯಾದ ಹೊಸದರಲ್ಲೇ ಹೆಂಡತಿಯ ಸಾರನ್ನು ರುಚಿ ನೋಡಿ, ಮರುದಿನದಿಂದ ಸೌಟನ್ನು ತಾವೇ ಕೈಗೆತ್ತಿಕೊಂಡವರು ಇಂದಿನವರೆಗೂ ಕೆಳಗಿಟ್ಟಿಲ್ಲ.

ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಅವರಿಗೊಂದು ಒಗಟು ಕಾಡುತ್ತಿತ್ತು. ಸೋರಿಯಾಸಿಸ್ ಎಂದು ಗುರುತಿಸಿ ಪುಸ್ತಕದಲ್ಲಿ ಹೇಳಿದ ಮುಲಾಮನ್ನೇ ಕೊಡುತ್ತಿದ್ದರು. ರೋಗಿಗಳು ತಪ್ಪದೆ ಹಚ್ಚುತ್ತಿದ್ದರು. ಆದರೂ ತಿಂಗಳು ಬಿಟ್ಟು ಬಂದಾಗ ಮಚ್ಚೆಗಳು ಕಡಿಮೆಯಾಗುವ ಬದಲು ಹೊಸ ಜಾಗದಲ್ಲಿ ಎದ್ದಿರುತ್ತಿದ್ದವು. ಮುಲಾಮಿನ ದೋಷವೋ, ತಮ್ಮ ದೋಷವೋ ತಿಳಿಯದೆ ಅವರು ಕಂಗೆಟ್ಟಿದ್ದಾಗ, ಕಾಯಿ ಸುಲಿಯುವ ಕೆಲಸದ ಗಿಡ್ಡಯ್ಯನೆಂಬ ಹಿರಿಯರು ಮಾತಿನ ನಡುವೆ ಗುಟ್ಟು ಬಿಟ್ಟುಕೊಟ್ಟರು.

"ಮುಲಾಮು ಹಚ್ತೀರೇನಪ್ಪ ಸರಿಯಾಗಿ?"

"ಹಚ್ದೆ ಬುಟ್ಟೇನಾ ಕಣವ್ವ? ಚೆಂದಾಗಿ ಕೆರೆದೇ ಹಚ್ತೀನಿ."

"ಏನನ್ನ ಕೆರೆಯೋದು?"

"ಹೊಟ್ಟು ತೆಗೀಬೇಡ್ವಾ ಮತ್ತೆ? ಮೇಲ್ಗಡೆ ನಾರು ಕಿತ್ತು ಹಸನು ಮಾಡ್ದೆ ಯಾವ್ ಕಾಯಿ ತಾನೆ ಒಡೀತಾರೆ? ಮೈ ತೊಳೆಯೋವಾಗ ತೆಂಗಿನ ಗುಂಜು ತಕ್ಕೊಂಡು ಉಜ್ತೀನಿ. ಅದಕ್ಕೂ ಬರ್ಲಿಲ್ಲ ಅಂದ್ರೆ ಚಿಪ್ಪಿನ ಅಂಚು. ಕೆಂಪಗೆ ಆದ್ಮೇಲೆ ಹಚ್ಚಿದ್ರೆ ಔಸ್ದಿ ಒಳಕ್ಕೆ ಇಳೀತದೆ."

ಗಿಡ್ಡಯ್ಯನವರ ಮುಖದಲ್ಲಿ ಕೆಲಸ ಅಚ್ಚುಕಟ್ಟಾಗಿ ಮಾಡಿದವನ ಸಮಾಧಾನವಿತ್ತು. ವಿಚಾರಿಸಿ ನೋಡಿದರೆ ಸರತಿಯಲ್ಲಿದ್ದವರೆಲ್ಲ ಹೀಗೆಯೇ! ಸುಲಿದು, ಕೆರೆದು, ಹಸನುಮಾಡಿ ಬದುಕುವ ಸೀಮೆಯ ಜನ ತಮ್ಮ ಮೈಯನ್ನೂ ತೆಂಗಿನ ಕಾಯಿಯಂತೆ ಸುಲಿಯುತ್ತಿದ್ದರು. ಸೋರಿಯಾಸಿಸ್ ಇರುವವರ ಚರ್ಮಕ್ಕೆ ಗಾಯವಾದರೆ ಆ ಗಾಯದ ಗೆರೆಯಲ್ಲೇ ಹೊಸ ಮಚ್ಚೆ ಏಳಬಹುದು ಎಂಬುದನ್ನು ಮೇಡಂ ಓದಿದ್ದರು. ಆದರೆ ಸ್ನಾನ ಹೇಗೆ ಮಾಡುತ್ತೀರಿ ಎಂದು ಯಾರನ್ನೂ ಕೇಳಿರಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೆ ರೋಗಿ ಎದುರಿಗೆ ಕೂತ ಕೂಡಲೇ ಅವರ ಬಾಯಿಂದ ಬರುತ್ತಿದ್ದ ಮೊದಲ ಪ್ರಶ್ನೆ ಅದೊಂದೇ. ಹೊಸದಾಗಿ ಬಂದ ಕಿರಿಯ ವೈದ್ಯರು ಮುಸಿಮುಸಿ ನಗುತ್ತಿದ್ದರು; ಆರು ತಿಂಗಳಲ್ಲಿ ತಾವೂ ಅದನ್ನೇ ಕೇಳಲು ಕಲಿಯುತ್ತಿದ್ದರು.

ಕೇಳಿದರಷ್ಟೇ ಸಾಲದೆಂದು ಅವರು ಗುರುವಾರಗಳಂದು ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಹಂಡೆ ಉಗುರುಬೆಚ್ಚಗಿನ ನೀರಿರಿಸಿ ಪಾಠ ಆರಂಭಿಸಿದರು. ಬಿಸಿನೀರು ಬೇಡ, ಗುಂಜು ಬೇಡ, ಕಲ್ಲು ಬೇಡ. ಬರಿಯ ಅಂಗೈಯಲ್ಲಿ ಮೈತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ, ಇನ್ನೂ ಪಸೆಯಿರುವಾಗಲೇ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಬೇಕು. ಹೊಟ್ಟು ತಾನಾಗಿ ಮೆತ್ತಗಾಗಿ ಬಿಡುತ್ತದೆ. ಮನೆಯ ಕೊಬ್ಬರಿ ಎಣ್ಣೆಯೇ ಆದೀತು ಎಂದಾಗ ಜನರಿಗೆ ನಿರಾಸೆ. ಇಷ್ಟು ದೂರ ಬಸ್ಸು ಹತ್ತಿ ಬಂದಿದ್ದು ನಮ್ಮನೆ ಎಣ್ಣೆ ಹಚ್ಚಿಕೊಳ್ಳಲಿಕ್ಕಾ ಎಂದು ಮುಖ ಸಣ್ಣದು ಮಾಡುತ್ತಿದ್ದರು. ಆಗ ಮೇಡಂ ಅವರ ವಿವರಣೆ ಶುರುವಾಗುತ್ತಿತ್ತು. ಮನುಷ್ಯನ ಚರ್ಮ ಒಳಗಿನಿಂದ ಹುಟ್ಟಿ, ಮೇಲೇರಿ, ಹದವಾಗಿ ಉದುರಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ನಮ್ಮನ್ನು ಕಾಯಬೇಕಾದ ಮೈಯ ಕಾವಲು ಶಕ್ತಿ ಕಾರಣವಿಲ್ಲದೆ ರೇಗಿಕೊಂಡಾಗ ಅದೇ ಚರ್ಮ ಕೆಲವೇ ದಿನಗಳಲ್ಲಿ ಅರೆಹದದಲ್ಲಿ ಮೇಲೆ ಬಂದು ಪದರ ಪದರವಾಗಿ ಕೂರುತ್ತದೆ. "ಅಟ್ಟದ ಮೇಲೆ ವರ್ಷ ಒಣಗಬೇಕಾದ ಕಾಯಿನ ಹದಿನೈದು ದಿನಕ್ಕೆ ಇಳಿಸಿದ್ರೆ ಕೊಬ್ಬರಿ ಆಗುತ್ತೇನ್ರಪ್ಪಾ? ಇದೂ ಹಂಗೇ" ಎಂದರೆ ಸರತಿಯ ಸಾಲೇ ತಲೆದೂಗುತ್ತಿತ್ತು. ವಾಸಿಯಾಗುತ್ತದೆ ಎಂಬ ಮಾತನ್ನು ಮಾತ್ರ ಅವರು ಯಾರಿಗೂ ಆಡಲಿಲ್ಲ. ಹತೋಟಿಗೆ ಬರುತ್ತದೆ, ಮತ್ತೆ ಕೆರಳಬಹುದು, ಮತ್ತೆ ತರೋಣ ಎನ್ನುತ್ತಿದ್ದರು. ಒಂದೇ ಸೂಜಿಗೆ ಮಾಯ ಮಾಡುತ್ತೇವೆನ್ನುವವರ ಬಳಿ ಹೋಗಿ, ಮುಂದಿನ ತಿಂಗಳು ಮೈತುಂಬ ಎಬ್ಬಿಸಿಕೊಂಡು ಬಂದವರನ್ನು ಚೆನ್ನಾಗಿ ಗದರಿ, ಆಮೇಲೆ ಕಾಫಿ ಕುಡಿಸಿ ಮದ್ದು ಬರೆಯುತ್ತಿದ್ದರು.

ಇಂಥ ಒಂದು ಗುರುವಾರ ಹಂದನಕೆರೆ ಕಡೆಯಿಂದ ತಿಮ್ಮಕ್ಕ ಬಂದರು. ನಲವತ್ತರ ಆಸುಪಾಸು, ಗಟ್ಟಿ ಆಳು. ಕೂದಲಂಚಿನಲ್ಲಿ, ಮೊಣಕೈಗಳಲ್ಲಿ, ಮುಂಗೈಯಲ್ಲಿ ಬೆಳ್ಳಿಯ ಹೊಟ್ಟಿನ ಕೆಂಪು ಮಚ್ಚೆಗಳು. ಬಳೆ ಉಜ್ಜುವ ಜಾಗದಲ್ಲಂತೂ ಸುತ್ತಲೂ ಒಂದು ಕಟ್ಟು. ತುರಿಕೆ ಎಷ್ಟಿದೆ ಎಂದು ಕೇಳಿದರೆ ತಿಮ್ಮಕ್ಕ ತಲೆ ಕೊಡವಿದರು.

"ತುರಿಕೆಗಲ್ಲ ಡಾಕ್ಟ್ರಮ್ಮ ನಾನು ಬಂದಿದ್ದು. ನನ್ನ ಒಬ್ಬಟ್ಟಿಗೆ ಕರೀತಿಲ್ಲ."

ಆ ಕಡೆಯ ಮದುವೆಗಳು ಈಗ ಪೇಟೆಯ ಛತ್ರಗಳಲ್ಲಿ ನಡೆದರೂ, ಚಪ್ಪರ ಹಾಕುವ ದಿನದ ಊಟ ಮನೆಯಲ್ಲೇ ಆಗಬೇಕು. ಅಂದು ಕೇರಿಯ ಹೆಂಗಸರೆಲ್ಲ ಬೆಳಗ್ಗೆಯೇ ಬಂದು ಕೂತು ಕಾಯಿ ಒಬ್ಬಟ್ಟು ಮಾಡುತ್ತಾರೆ. ಒಬ್ಬರು ಹೂರಣ ಕಟ್ಟಿದರೆ ಒಬ್ಬರು ಬೇಯಿಸುತ್ತಾರೆ. ಕಣಕ ನಾದಿ ಎಲೆಯ ಮೇಲೆ ತಟ್ಟುವ ಕೆಲಸ ಮಾತ್ರ ಕೈಗುಣ ಇದ್ದವರದು. ತಿಮ್ಮಕ್ಕ ತಟ್ಟಿದ ಒಬ್ಬಟ್ಟಿನಲ್ಲಿ ಆಚೆಯ ದೀಪ ಕಾಣುತ್ತದೆ ಎಂದು ಊರಿನಲ್ಲಿ ಹೆಸರು. ಹದಿಹರೆಯದಲ್ಲಿ ಸೊಸೆಯಾಗಿ ಬಂದಾಗಿನಿಂದ ಅವರಿಲ್ಲದೆ ಚಪ್ಪರದ ಊಟ ಆದದ್ದೇ ಇಲ್ಲ. ಮಚ್ಚೆಗಳು ಎದ್ದ ಮೇಲೆ ಯಾರೂ ಬೇಡ ಎನ್ನಲಿಲ್ಲ. "ನೀನು ದಣಿದಿದ್ದೀಯ, ಸುಮ್ನೆ ಕೂತ್ಕೊ ತಿಮ್ಮಕ್ಕ" ಎಂದರು. ಎರಡು ಮದುವೆಗಳಲ್ಲಿ ಸುಮ್ಮನೆ ಕೂತು, ಮೂರನೆಯದಕ್ಕೆ ತಿಮ್ಮಕ್ಕ ಹೋಗಲೇ ಇಲ್ಲ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ಕೇಳುವಾಗ ಮೇಡಂ ಅವರದೂ.

ಚಿಕಿತ್ಸೆ ಶ್ರದ್ಧೆಯಿಂದ ನಡೆಯಿತು. ಮುಲಾಮನ್ನು ಬೆರಳ ತುದಿಯ ಅಳತೆಯಲ್ಲಿ, ಹೇಳಿದಷ್ಟು ದಿನ ಮಾತ್ರ ಹಚ್ಚುವುದು. ಬಿಗಿ ಬಳೆ ತೆಗೆದು ಸಡಿಲ ಬಳೆ ತೊಡುವುದು. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಗುಳಿಗೆಯನ್ನು ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಮೇಡಂ ಅದಕ್ಕೆ 'ಸಂತೆ ಗುಳಿಗೆ' ಎಂದು ಹೆಸರಿಟ್ಟರು. ಊರಿನ ಸಂತೆಯ ದಿನ ಬಿಟ್ಟು ಬೇರೆ ದಿನ ಮುಟ್ಟುವಂತಿಲ್ಲ, ನಡುನಡುವೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಕೀಲುನೋವು ಬಂದರೆ ಮುಚ್ಚಿಡುವಂತಿಲ್ಲ, ಏಕೆಂದರೆ ಈ ಕಾಯಿಲೆ ಕೆಲವರಲ್ಲಿ ಕೀಲಿಗೂ ಇಳಿಯುತ್ತದೆ. ನಂಜು ಎಂದು ಯಾರೋ ಹೆದರಿಸಿದ್ದರಿಂದ ತಿಮ್ಮಕ್ಕ ಕಾಯಿ, ಕೊಬ್ಬರಿ, ಬದನೆಕಾಯಿಯನ್ನೆಲ್ಲ ಬಿಟ್ಟು ಬರೀ ಸಪ್ಪೆ ಉಣ್ಣುತ್ತಿದ್ದರು. "ತೆಂಗಿನ ತೋಟದೊಳಗೆ ಕೂತು ಕಾಯಿ ಬಿಟ್ರೆ ಇನ್ನೇನು ತಿಂತೀಯಾ? ತಿನ್ನು ಮಾರಾಯ್ತಿ" ಎಂದು ಮೇಡಂ ಅಪ್ಪಣೆ ಕೊಡಿಸಿದ ದಿನ ತಿಮ್ಮಕ್ಕ ಎಲ್ಲಕ್ಕಿಂತ ಹೆಚ್ಚು ಗೆಲುವಾಗಿ ಮನೆಗೆ ಹೋದರು. ಕೆಲವು ತಿಂಗಳಲ್ಲಿ ಕೈ ತಿಳಿಯಾಯಿತು. ಊರಿನವರು ಒಬ್ಬಟ್ಟಿಗೆ ಕರೆದರು. ಮೇಡಂ ಇಡೀ ವಾರ ಖುಷಿಯಲ್ಲಿದ್ದು, ಸಿಬ್ಬಂದಿಗೆಲ್ಲ ಮೈಸೂರುಪಾಕು ಹಂಚಿದರು. ಅದು ಅಂಗಡಿಯದು ಎಂದು ಬೇರೆ ಹೇಳಬೇಕಿಲ್ಲ.

ಮುಂದಿನ ಚಳಿಗಾಲದಲ್ಲಿ ತಿಮ್ಮಕ್ಕನಿಗೆ ಗಂಟಲುನೋವು, ಜ್ವರ ಬಂದು, ಅದರ ಬೆನ್ನಿಗೇ ಮಚ್ಚೆಗಳು ಮರಳಿದವು. ಅಷ್ಟರಲ್ಲಿ ಎದುರುಮನೆಯ ರಂಗರಾಜು ಮತ್ತು ಪುಟ್ಟನಂಜಮ್ಮ ದಂಪತಿಗಳ ಮಗಳು ಜೀವಿತಾಳ ಮದುವೆ ಗೊತ್ತಾಗಿತ್ತು. ತಿಮ್ಮಕ್ಕ ಎತ್ತಿ ಆಡಿಸಿದ ಹುಡುಗಿ. ಚಪ್ಪರದ ದಿನ ಸುಮ್ಮನೆ ಕೂತುಕೊ ಎಂಬ ಮಾತು ಪುಟ್ಟನಂಜಮ್ಮನ ಬಾಯಿಂದ ಆಗಲೇ ಬಂದುಹೋಗಿತ್ತು. ಮೇಡಂ ಎಂದಿನ ಉತ್ಸಾಹದಲ್ಲಿ, ಹೆದರಬೇಡ, ಎರಡು ಮೂರು ತಿಂಗಳಲ್ಲಿ ಮತ್ತೆ ತಿಳಿಮಾಡೋಣ, ಆಮೇಲೆ ಅವರೇ ಕರೀತಾರೆ ಎಂದರು.

ತಿಮ್ಮಕ್ಕ ಎದ್ದು ನಿಂತರು. "ಮಚ್ಚೆ ಹೋದ್ಮೇಲೆ ಕರೆದ್ರೆ ಅದೇನು ಕರೆದಂಗೆ ಬುಡಿ ಡಾಕ್ಟ್ರಮ್ಮ. ಅವಾಗ ಯಾರು ಬೇಕಾದ್ರೂ ಕರೀತಾರೆ. ಮಚ್ಚೆ ಇರೋವಾಗ ಕರೀಬೇಕು."

ಅಂದು ಮನೆಗೆ ಹೋದ ಮೇಡಂ ದಯಾನಂದ್ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟರು. ಇಷ್ಟು ವರ್ಷ ತಾವು ಅಂಟುವುದಿಲ್ಲ, ಅಂಟುವುದಿಲ್ಲ ಎಂದು ಸಾರಿದ್ದೆಲ್ಲ ಆಸ್ಪತ್ರೆಯ ಗೋಡೆಯೊಳಗೇ ಉಳಿಯಿತಲ್ಲಾ, ಚರ್ಮ ತಿಳಿಯಾದವರನ್ನು ಮಾತ್ರ ಊರಿಗೆ ಒಪ್ಪಿಸಿ ತಾವು ಬೀಗಿದ್ದಾಯಿತಲ್ಲಾ ಎಂದು ಅವರಿಗೆ ನಾಚಿಕೆಯಾಯಿತು.

ಊರಿನವರಿಗೆಲ್ಲ ಮದ್ದು ಕೊಡುವ ಡಾಕ್ಟ್ರಮ್ಮನೆಂದು ರಂಗರಾಜು ಲಗ್ನಪತ್ರಿಕೆ ಕೊಡಲು ಆಸ್ಪತ್ರೆಗೆ ಬಂದಾಗ ಮೇಡಂ ಪತ್ರಿಕೆ ಬಿಚ್ಚುವ ಮೊದಲೇ ಚಪ್ಪರ ಯಾವತ್ತು ಎಂದು ಕೇಳಿದರು. ಛತ್ರಕ್ಕೆ ಬಂದರೆ ಸಾಕು ಎಂದು ಅವರು ಸಂಕೋಚಪಟ್ಟರೂ, ನಾನು ಒಬ್ಬಟ್ಟು ಕಲಿಯಬೇಕು ಎಂದು ಇವರು ಹಟ ಹಿಡಿದರು. ಆ ದಿನ ರಜೆ ಹಾಕಿ, ದಯಾನಂದ್ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ಅವರ ಮನಸ್ಸಿನಲ್ಲಿ ಒಂದು ಗಂಭೀರವಾದ ಯೋಜನೆಯಿತ್ತು. ತಿಮ್ಮಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ತಪ್ಪಲೆಯ ಕಣಕಕ್ಕೆ ಇಬ್ಬರೂ ಕೈಹಾಕುವುದು, ಎಲ್ಲರೂ ನೋಡುತ್ತಿರುವಾಗ ಸೋರಿಯಾಸಿಸ್ ಕುರಿತು ಹತ್ತು ಮಾತು ಹೇಳುವುದು. ಮಾತನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡರು.

ಹಜಾರದಲ್ಲಿ ಹೆಂಗಸರ ಸಾಲು, ನಡುವೆ ಬಾಳೆಲೆ, ಎಣ್ಣೆ, ಹೂರಣದ ಗುಡ್ಡೆ. ಗೋಡೆಗೆ ಒರಗಿ ತುಂಬುತೋಳಿನ ರವಿಕೆ ತೊಟ್ಟ ತಿಮ್ಮಕ್ಕ ಸುಮ್ಮನೆ ಕೂತಿದ್ದರು. ಮೇಡಂ ನೇರವಾಗಿ ಹೋಗಿ ಅವರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ, ತಪ್ಪಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ತಿಮ್ಮಕ್ಕ, ಕಲಿಸು" ಎಂದರು. ಕಣಕದ ಉಂಡೆ ಮುರಿದರು. ಅದು ಕೈಗೆ ಮೆತ್ತಿಕೊಂಡಿತು. ಹೂರಣ ತುಂಬಿದರು, ಹೂರಣ ಹಿಂದಿನಿಂದ ಹೊರಗೆ ಬಂತು. ತಟ್ಟಿದರು, ಒಬ್ಬಟ್ಟು ಎಲೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ಎಳೆದಾಗ ಅರ್ಧ ಎಲೆಯಲ್ಲೂ, ಕಾಲುಭಾಗ ಕೈಯಲ್ಲೂ, ಉಳಿದದ್ದು ಸೀರೆಯ ಮೇಲೂ ಬಿತ್ತು. ಮೊದಲು ಜೀವಿತಾ ನಕ್ಕಳು. ಆಮೇಲೆ ಇಡೀ ಹಜಾರ ನಕ್ಕಿತು.

"ಅಯ್ಯೋ ನಮ್ಮವ್ವ, ಅದು ಒಬ್ಬಟ್ಟಾ, ತೇಪೆನಾ?"

"ಆಪ್ರೇಸನ್ನು ಹಿಂಗೇ ಮಾಡ್ತೀರಾ ಡಾಕ್ಟ್ರಮ್ಮ?"

ಮೇಡಂ ಸೋಲೊಪ್ಪದೆ ಇನ್ನೊಂದಕ್ಕೆ ಕೈಹಾಕಿದರು. ಅದನ್ನು ನೋಡಿದರೆ ಮೊದಲನೆಯದೇ ಚೆನ್ನಾಗಿತ್ತು ಅನ್ನಿಸುವಂತಿತ್ತು. ಮೂರನೆಯದಕ್ಕೆ ಹೊರಟಾಗ, ಕಣಕವೆಲ್ಲ ಹಾಳಾಗುವ ದಿಗಿಲಿನಲ್ಲಿ ಪುಟ್ಟನಂಜಮ್ಮ ಹೆಂಚು ಬಿಟ್ಟು ಎದ್ದು ಬಂದರು. "ನೀವು ಬುಡಿ ಡಾಕ್ಟ್ರಮ್ಮ, ನಿಮ್ ಕಾಲಿಗೆ ಬೀಳ್ತೀನಿ" ಎಂದು ತಪ್ಪಲೆಯನ್ನು ಕಿತ್ತುಕೊಂಡು, ಅದೇ ಉಸಿರಿನಲ್ಲಿ, "ತಿಮ್ಮಕ್ಕ, ಏನ್ ನೋಡ್ತಾ ಕೂತಿದ್ದೀಯೇ? ಹೊತ್ತಾಯ್ತು, ತಟ್ಟೇ!" ಎಂದು ಅದನ್ನು ತಿಮ್ಮಕ್ಕನ ಮುಂದೆ ಇಟ್ಟುಬಿಟ್ಟರು.

ಆಡಿದ ಮೇಲೆ ಪುಟ್ಟನಂಜಮ್ಮನಿಗೇ ತಾವು ಆಡಿದ್ದು ಕೇಳಿಸಿತು. ಹಜಾರದ ನಗು ತುಸು ತಗ್ಗಿತು. ತಿಮ್ಮಕ್ಕ ತಪ್ಪಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಣಕ ನಾದುವಾಗ ತೋಳು ಮೇಲಿರಬೇಕು. ಅವರು ರವಿಕೆಯ ತೋಳನ್ನು ನಿಧಾನವಾಗಿ ಮೊಣಕೈ ದಾಟಿಸಿ ಮಡಿಚಿದರು, ಒಂದು ಕೈ, ಆಮೇಲೆ ಇನ್ನೊಂದು ಕೈ. ಕೆಂಪು ಮಚ್ಚೆಗಳು ಎಲ್ಲರಿಗೂ ಕಂಡವು. ಪುಟ್ಟನಂಜಮ್ಮ ಎಣ್ಣೆಯ ಬಟ್ಟಲನ್ನು ಎತ್ತಿ, ತಾವೇ ತಿಮ್ಮಕ್ಕನ ಅಂಗೈಗೆ ಸುರಿದರು.

"ತೆಳ್ಳಗೆ ತಟ್ಟು. ಗಂಡಿನ ಕಡೆಯೋರು ಬತ್ತಾವ್ರೆ" ಎಂದರು.

ಮೇಡಂ ಸಿದ್ಧಮಾಡಿಕೊಂಡಿದ್ದ ಹತ್ತು ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. ಹಿತ್ತಲಿಗೆ ಹೋಗಿ ಕೈ ತೊಳೆಯುವ ನೆಪದಲ್ಲಿ ಮನಸಾರೆ ಅತ್ತು, ಮುಖ ತೊಳೆದುಕೊಂಡು ಬಂದು, ನಾಲ್ಕು ಒಬ್ಬಟ್ಟು ತುಪ್ಪದಲ್ಲಿ ಅದ್ದಿ ತಿಂದರು. ಊಟದ ನಂತರ ಹೆಂಗಸರು ತಾವಾಗಿಯೇ ಸುತ್ತ ಕೂತು ಅದು ಯಾಕೆ ಬರುತ್ತದೆ, ಮಕ್ಕಳಿಗೂ ಬರುತ್ತದಾ, ಕೆರೆದರೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಅಂದು ಆಸ್ಪತ್ರೆಯ ಹಿಂಭಾಗದ ಪಾಠ ರಂಗರಾಜು ಅವರ ಜಗಲಿಯಲ್ಲಿ ನಡೆಯಿತು. ಒಬ್ಬಟ್ಟನ್ನು ಮೇಡಂ ಬೇಕೆಂದೇ ಕೆಡಿಸಿದರೇ ಎಂಬ ಬಗ್ಗೆ ನಮ್ಮ ವಿಭಾಗದಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ದಯಾನಂದ್ ಅವರು ಮಾತ್ರ ಆಣೆ ಮಾಡಿ ಹೇಳುತ್ತಾರೆ: "ಬೇಕು ಅಂತ ಅಲ್ಲ ಕಣ್ರೀ. ಅವಳು ಅವತ್ತು ಜೀವ ಬಿಟ್ಟು ಚೆನ್ನಾಗಿ ಮಾಡಕ್ಕೆ ನೋಡಿದ್ಲು."

ಆ ಬಳಿಕದ ವರ್ಷಗಳಲ್ಲಿ ಮೇಡಂ ಅವರ ಕೆಲಸದ ರೀತಿಯೇ ಬದಲಾಯಿತು. ರೋಗಿಯ ಜೊತೆ ಮನೆಯವರೊಬ್ಬರು, ಕೇರಿಯವರೊಬ್ಬರು ಬರಲೇಬೇಕೆಂದು ಕಟ್ಟುಮಾಡಿದರು. ಮಚ್ಚೆ ಎಷ್ಟು ಕಡಿಮೆಯಾಯಿತು ಎಂದು ಕೇಳಿದ ಮೇಲೆ, ಊರಿನಲ್ಲಿ ಯಾರ ಮನೆಗೆ ಹೋಗಿದ್ದೆ, ಏನು ಕೆಲಸ ಮಾಡಿದೆ ಎಂದು ಕೇಳುತ್ತಿದ್ದರು. ಮನಸ್ಸು ಕುಗ್ಗಿದರೆ ಚರ್ಮ ಕೆರಳುತ್ತದೆ, ಚರ್ಮ ಕೆರಳಿದರೆ ಮನಸ್ಸು ಕುಗ್ಗುತ್ತದೆ ಎಂಬುದನ್ನು ನಮಗೆ ಅವರು ಉಪನ್ಯಾಸದಲ್ಲಿ ಹೇಳಿಕೊಡಲಿಲ್ಲ. ಸೋರಿಯಾಸಿಸ್ ಇರುವವರ ಮನೆಯ ಗೃಹಪ್ರವೇಶ, ನಾಮಕರಣಗಳಿಗೆಲ್ಲ ನಮ್ಮನ್ನು ಎಳೆದುಕೊಂಡು ಹೋಗಿ, ಅವರ ಕೈಯಿಂದಲೇ ಬಡಿಸಿಕೊಂಡು ಉಣ್ಣುವಂತೆ ಮಾಡಿ ಕಲಿಸಿದರು. ಈ ಗ್ರಂಥಕ್ಕೆ ಬರೆದಿರುವ ಎಲ್ಲ ಕಿರಿಯ ವೈದ್ಯರ ತೂಕ ಆ ಕಾಲದಲ್ಲಿ ಏರಿತೆಂಬುದನ್ನೂ ಕೃತಜ್ಞತೆಯಿಂದ ನೆನೆಯಬೇಕು.

ನಿವೃತ್ತಿಗೆ ಕೆಲವು ದಿನ ಉಳಿದಿದ್ದಾಗ ತಿಮ್ಮಕ್ಕನಿಂದ ಫೋನು ಬಂತು. ಮೇಡಂ ಸುತ್ತ ನಾವೆಲ್ಲ ಇದ್ದುದರಿಂದ, ಮತ್ತು ತಿಮ್ಮಕ್ಕನ ದನಿ ಸಣ್ಣದಲ್ಲವಾದುದರಿಂದ, ಎಲ್ಲರಿಗೂ ಕೇಳಿಸಿತು.

"ಈ ಸಲ ಮಚ್ಚೆ ಜಾಸ್ತಿ ಆಗೈತೆ ಡಾಕ್ಟ್ರಮ್ಮ. ಮೊಣಕೈಯೆಲ್ಲ ಕೆಂಪಗೆ ಕೆಂಡ."

"ಹಂಗಾದ್ರೆ ಈ ಗುರುವಾರವೇ ಬಾ."

"ಈ ಗುರುವಾರ ಆಗಕ್ಕಿಲ್ಲ. ಚಪ್ಪರ ಐತೆ. ಮುಂದಿನ ಗುರುವಾರಾನೂ ಚಪ್ಪರವೇ. ಎಲ್ಲಾ ಒಪ್ಕೊಂಡ್ಬುಟ್ಟೀನಿ, ನಾನಿಲ್ದೆ ಆಯ್ತದಾ? ಅದು ಮುಗಿಸ್ಕೊಂಡು ಬತ್ತೀನಿ ಬುಡಿ."

ಮೇಡಂ ಸಿಡಿದೆದ್ದರು. ಮದ್ದು ಯಾರು ತಗೋತಾರೆ, ರಕ್ತಪರೀಕ್ಷೆ ಯಾರು ಮಾಡಿಸ್ತಾರೆ, ನಿನಗೆ ಹೇಳೋರು ಕೇಳೋರು ಇಲ್ವಾ ಎಂದು ಒಂದೇ ಸಮ ಗದರಿದರು. ಗದರುತ್ತಿದ್ದಷ್ಟು ಹೊತ್ತೂ ಅವರ ಮುಖ ಹಬ್ಬದಂತಿತ್ತು. ಆ ಪುಣ್ಯಾತ್ಗಿತ್ತಿ ಸೋಮವಾರ ಬಂದು ತೋರಿಸಿ ಹೋದರು.

ಡಾ. ಗುರುಸಿದ್ದಮ್ಮನವರೇ, ನೀವು ಸರ್ಕಾರದ ಕುರ್ಚಿಯಿಂದ ಏಳಬಹುದು. ಗುರುವಾರಗಳನ್ನು ಹುಳಿಯಾರಿನ ನಿಮ್ಮ ಮನೆಯ ಅಂಗಳದಲ್ಲಿ ಮುಂದುವರಿಸುತ್ತೀರೆಂದು ಕೇಳಿ ನಾವು ಹಿಗ್ಗಿದ್ದೇವೆ. ನಿಮ್ಮ ಕಣ್ಣು ಮಂಜಾಗದಿರಲಿ, ಮಂಡಿ ನೋಯದಿರಲಿ, ಮೇಷ್ಟರ ಸಾರು ಎಂದಿಗೂ ಕೆಡದಿರಲಿ. ಮೈತುಂಬ ಮಚ್ಚೆಯಿದ್ದರೂ ಊರ ಕರೆಗಳಿಂದ ಪುರುಸೊತ್ತಿಲ್ಲದೆ ನಿಮ್ಮ ಬಳಿ ಬರಲಾಗದ ರೋಗಿಗಳು ಈ ಸೀಮೆಯಲ್ಲಿ ಹೆಚ್ಚುತ್ತಾ ಹೋಗಲಿ. ಅವರನ್ನೆಲ್ಲ ಹೆಸರು ಹಿಡಿದು ಗದರಿಕೊಂಡು ನೀವು ಬಹಳ ಕಾಲ, ಇನ್ನೂ ಬಹಳ ಕಾಲ ನಮ್ಮ ನಡುವೆ ಇರಿ.